ಭಾವನೆಗಳು ಮತ್ತು ದೇಹದ ಆರೋಗ್ಯ: ಚೀನೀ ವೈದ್ಯರು ಕಂಡಂತೆ

(ಸಂಘದ ವಾರ್ಷಿಕ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಊರಿನ ಡಾಕ್ಟರನ್ನು ಭಾಷಣಕ್ಕೆ ಕರೆದರೆ ಸಕ್ಕರೆ ಕಾಯಿಲೆಯ ಬಗ್ಗೆಯೋ ರಕ್ತದೊತ್ತಡದ ಬಗ್ಗೆಯೋ ಮಾತಾಡುತ್ತಾರೆ ಎಂದು ನೀವು ನಿರೀಕ್ಷಿಸಿರಬಹುದು. ನಾನು ಇಂದು ಚೀನಾದ ಹಳೆಯ ವೈದ್ಯಪದ್ಧತಿಯ ಬಗ್ಗೆ ಮಾತಾಡಲು ಬಂದಿದ್ದೇನೆ. ನಾನು ಆ ಪದ್ಧತಿಯನ್ನು ಕಲಿತವನಲ್ಲ, ಅದರ ಚಿಕಿತ್ಸೆ ಮಾಡುವವನೂ ಅಲ್ಲ. ಅಲೋಪಥಿ ಓದಿದ ಸಾಮಾನ್ಯ ವೈದ್ಯ. ಆದರೆ ನನ್ನ ಕೈಯಿಂದಾದ ಒಂದು ತಪ್ಪು ನನ್ನನ್ನು ಆ ಪುಸ್ತಕಗಳ ಕಡೆಗೆ ಕರೆದೊಯ್ದಿತು. ಆ ತಪ್ಪು ಏನೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ನಮ್ಮ ಕನ್ನಡವನ್ನೇ ಒಮ್ಮೆ ಕೇಳಿಸಿಕೊಳ್ಳಿ. ಸಿಟ್ಟು ಬಂದವನಿಗೆ 'ಪಿತ್ತ ನೆತ್ತಿಗೇರಿದೆ' ಎನ್ನುತ್ತೇವೆ. ಹೆದರಿದವನ 'ಜಂಘಾಬಲ ಉಡುಗಿಹೋಯಿತು' ಎನ್ನುತ್ತೇವೆ. ಇನ್ನೊಬ್ಬರ ಏಳಿಗೆ ಸಹಿಸದವನಿಗೆ ಹೊಟ್ಟೆಕಿಚ್ಚು. ದುಃಖವಾದರೆ ಗಂಟಲು ಕಟ್ಟುತ್ತದೆ, ಮಗುವಿನ ಅಳು ಕೇಳಿದ ತಾಯಿಯ ಕರುಳು ಚುರ್ ಎನ್ನುತ್ತದೆ. ಭಾವನೆ ತಲೆಯೊಳಗಿನ ವಿಷಯ ಮಾತ್ರವಲ್ಲ, ಅದು ದೇಹದಲ್ಲಿ ಒಂದು ಜಾಗ ಹಿಡಿದು ಕೂರುತ್ತದೆ ಎಂದು ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು. ಚೀನೀ ವೈದ್ಯರು ಮಾಡಿದ್ದು ಏನೆಂದರೆ, ಇಂತಹ ಅನುಭವವನ್ನು ಗಾದೆಮಾತಿಗೆ ಬಿಡದೆ ಒಂದು ಶಾಸ್ತ್ರವಾಗಿ ಬರೆದಿಟ್ಟರು.

ಆ ಶಾಸ್ತ್ರದ ಮೂಲಗ್ರಂಥದ ಹೆಸರು 'ಹುವಾಂಗ್‌ದಿ ನೈಜಿಂಗ್'. ಹಳದಿ ಚಕ್ರವರ್ತಿಯ ಅಂತರಂಗ ಶಾಸ್ತ್ರ ಎಂದು ಅದರ ಅರ್ಥ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ, ಹಾನ್ ರಾಜವಂಶದ ಕಾಲದಲ್ಲಿ ಇದು ರೂಪುಗೊಂಡಿತು ಎನ್ನುತ್ತಾರೆ ವಿದ್ವಾಂಸರು. ಚಕ್ರವರ್ತಿ ಪ್ರಶ್ನೆ ಕೇಳುತ್ತಾನೆ, ಚೀಬೋ ಎಂಬ ವೈದ್ಯ ಉತ್ತರ ಹೇಳುತ್ತಾನೆ. ಅದರ ಒಂದು ಅಧ್ಯಾಯದಲ್ಲಿ, ಎಲ್ಲ ಕಾಯಿಲೆಗಳೂ 'ಛೀ'ಯಿಂದ ಹುಟ್ಟುತ್ತವೆ ಎಂಬ ಮಾತು ಬರುತ್ತದೆ. ನಾವು ಬೇಸರ ಬಂದಾಗ ಹೇಳುವ 'ಛೀ'ಗೂ ಇದಕ್ಕೂ ಸಂಬಂಧವಿಲ್ಲ, ವಿದ್ಯಾರ್ಥಿಗಳು ನಗಬೇಡಿ. ಛೀ ಎಂದರೆ ಉಸಿರು, ಹಬೆ, ದೇಹದೊಳಗೆ ಹರಿದಾಡುವ ಚೈತನ್ಯ, ಎಲ್ಲವೂ. ಅದು ಸರಾಗವಾಗಿ ಹರಿದರೆ ಆರೋಗ್ಯ, ಕೆಟ್ಟರೆ ಕಾಯಿಲೆ. ಅದನ್ನು ಕೆಡಿಸುವುದರಲ್ಲಿ ಚಳಿ, ಸೆಕೆ, ಅತಿಯಾದ ದುಡಿಮೆಗಳ ಜೊತೆಗೆ ಭಾವನೆಗಳಿಗೂ ಪಾಲಿದೆ.

ಅವರ ವಿವರಣೆ ನೋಡಿ. ಕೋಪ ಬಂದಾಗ ಛೀ ಮೇಲಕ್ಕೇರುತ್ತದೆ. ಭಯವಾದಾಗ ಕೆಳಕ್ಕಿಳಿಯುತ್ತದೆ. ಶೋಕದಲ್ಲಿ ಕರಗಿಹೋಗುತ್ತದೆ. ಹರ್ಷದಲ್ಲಿ ಸಡಿಲವಾಗುತ್ತದೆ. ಬೆಚ್ಚಿಬಿದ್ದಾಗ ದಿಕ್ಕಾಪಾಲಾಗುತ್ತದೆ. ಅತಿಯಾಗಿ ಯೋಚಿಸಿದರೆ ಗಂಟುಕಟ್ಟುತ್ತದೆ. ಪಿತ್ತ ನೆತ್ತಿಗೇರುವುದು, ಕಾಲಿನ ಬಲ ಉಡುಗುವುದು ಎಂದು ನಾವು ಹೇಳುವುದಕ್ಕೂ ಇದಕ್ಕೂ ಎಷ್ಟು ಹತ್ತಿರ! ಇಂದಿಗೂ ಚೀನೀ ಭಾಷೆಯಲ್ಲಿ 'ಸಿಟ್ಟು ಬಂತು' ಎನ್ನಲು 'ಶೆಂಗ್ ಛೀ' ಎನ್ನುತ್ತಾರೆ. ಅಕ್ಷರಶಃ ಅರ್ಥ, ಛೀ ಹುಟ್ಟಿತು.

ಮುಂದೆ ಅವರು ಐದು ಭಾವನೆಗಳಿಗೆ ಐದು ಅಂಗಗಳನ್ನು ಗೊತ್ತುಪಡಿಸಿದರು. ಕೋಪ ಯಕೃತ್ತಿಗೆ, ಹರ್ಷ ಹೃದಯಕ್ಕೆ, ಚಿಂತನೆ ಗುಲ್ಮಕ್ಕೆ, ವ್ಯಥೆ ಶ್ವಾಸಕೋಶಕ್ಕೆ, ಭಯ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ ಎಂದು. ಇಲ್ಲಿ ವಿಜ್ಞಾನ ಓದುವ ಮಕ್ಕಳು ಒಂದು ವಿಷಯ ಗಮನಿಸಬೇಕು. ಅವರು ಯಕೃತ್ತು, ಗುಲ್ಮ ಎಂದಾಗ ನಿಮ್ಮ ಜೀವಶಾಸ್ತ್ರ ಪುಸ್ತಕದ ಚಿತ್ರದಲ್ಲಿರುವ ಅಂಗವೇ ಎಂದು ತಿಳಿಯಬಾರದು. ಅವರ ಗುಲ್ಮ ಎಂದರೆ ತಿಂದದ್ದನ್ನು ಅರಗಿಸಿ ಮೈಗೆ ಕೊಡುವ ಇಡೀ ವ್ಯವಸ್ಥೆ. ನಮ್ಮ ಗುಲ್ಮಕ್ಕೆ ಜೀರ್ಣಕ್ರಿಯೆಯ ಕೆಲಸವೇ ಇಲ್ಲ. ಆದ್ದರಿಂದ ಸಿಟ್ಟು ಜಾಸ್ತಿಯಾದವರೆಲ್ಲ ಹೋಗಿ ಲಿವರ್ ಪರೀಕ್ಷೆ ಮಾಡಿಸಬೇಕಾಗಿಲ್ಲ. ಆದರೆ ಹಗಲೂ ರಾತ್ರಿ ಒಂದೇ ವಿಷಯ ಯೋಚಿಸುವವನಿಗೆ ಊಟ ಸೇರುವುದಿಲ್ಲ, ತಿಂದದ್ದು ಮೈಗೆ ಹತ್ತುವುದಿಲ್ಲ ಎಂಬ ಅವರ ಗಮನಿಕೆ ಮಾತ್ರ ಸುಳ್ಳಲ್ಲ. ಪರೀಕ್ಷೆಯ ತಿಂಗಳಲ್ಲಿ ಪಿಯುಸಿ ಮಕ್ಕಳ ಊಟದ ತಟ್ಟೆ ನೋಡಿದ ತಾಯಂದಿರು ಇಲ್ಲಿದ್ದಾರೆ, ಅವರನ್ನೇ ಕೇಳಿ.

ಕ್ರಿ.ಶ. 1174ರಲ್ಲಿ ಚೆನ್ ಯಾನ್ ಎಂಬ ವೈದ್ಯ ಕಾಯಿಲೆಯ ಕಾರಣಗಳನ್ನು ಮೂರು ಗುಂಪು ಮಾಡಿದ. ಗಾಳಿ, ಚಳಿ, ಸೆಕೆ, ತೇವ ಮುಂತಾದವು ಹೊರಗಿನವು. ಹರ್ಷ, ಕೋಪ, ವ್ಯಥೆ, ಚಿಂತೆ, ಶೋಕ, ಭಯ, ಬೆಚ್ಚುವಿಕೆ ಎಂಬ ಏಳು ಭಾವನೆಗಳು ಒಳಗಿನವು. ಊಟದ ಏರುಪೇರು, ಗಾಯ, ಪ್ರಾಣಿ ಕಡಿತ ಮುಂತಾದವು ಎರಡಕ್ಕೂ ಸೇರದವು. ಏಳರ ಪಟ್ಟಿಯಲ್ಲಿ ಸಂತೋಷವೂ ಇದೆಯಲ್ಲ ಎಂದು ನಿಮಗೆ ಆಶ್ಚರ್ಯವಾಗಬಹುದು. ಭಾವನೆ ಕೆಟ್ಟದ್ದು ಎಂದು ಅವರು ಹೇಳಲಿಲ್ಲ. ಅಳುವುದು, ನಗುವುದು, ಹೆದರುವುದು ಮನುಷ್ಯ ಸಹಜ. ಮಿತಿ ಮೀರಿದಾಗ, ಇಲ್ಲವೇ ಬಹುಕಾಲ ಒಳಗೇ ಉಳಿದಾಗ ಅದು ಕಾಯಿಲೆಯಾಗುತ್ತದೆ ಎಂದರು.

ಸಂತೋಷ ಮಿತಿ ಮೀರುವುದು ಹೇಗೆ? ಇದಕ್ಕೆ ಹದಿನೆಂಟನೆಯ ಶತಮಾನದ ವು ಜಿಂಗ್‌ಜಿ ಎಂಬ ಲೇಖಕ ಪಂಡಿತರನ್ನು ಗೇಲಿಮಾಡಿ ಬರೆದ ಕಾದಂಬರಿಯಲ್ಲಿ ಒಂದು ಪ್ರಸಂಗ ಬರುತ್ತದೆ. ವಿದ್ಯಾರ್ಥಿಗಳು ಕೇಳಲೇಬೇಕಾದದ್ದು. ಫಾನ್ ಜಿನ್ ಎಂಬ ಬಡವ ಇಪ್ಪತ್ತು ವಯಸ್ಸಿನಿಂದ ಸರ್ಕಾರಿ ಪರೀಕ್ಷೆ ಬರೆಯುತ್ತಾ ಬಂದು ಐವತ್ತು ದಾಟಿದ್ದಾನೆ. ಮನೆಯಲ್ಲಿ ಅಕ್ಕಿಯಿಲ್ಲದೆ ಕೋಳಿ ಮಾರಲು ಸಂತೆಗೆ ಹೋದ ದಿನವೇ ಪಾಸಾದ ಸುದ್ದಿ ಬರುತ್ತದೆ. ಓದಿದವನೇ ಚಪ್ಪಾಳೆ ತಟ್ಟಿ ನಕ್ಕು ಮೂರ್ಛೆ ಹೋಗುತ್ತಾನೆ. ಎಚ್ಚರವಾದ ಮೇಲೆ 'ಪಾಸಾದೆ, ಪಾಸಾದೆ' ಎಂದು ಕೂಗುತ್ತಾ ಓಡಿ ಕೆಸರಿನಲ್ಲಿ ಬೀಳುತ್ತಾನೆ. ಹುಚ್ಚೇ ಹಿಡಿಯಿತು. ಆಗ ಸುದ್ದಿ ತಂದವರಲ್ಲೊಬ್ಬ, ಇವನು ಯಾರಿಗೆ ಹೆದರುತ್ತಾನೋ ಅವರಿಂದ ಒಂದು ಏಟು ಹೊಡೆಸಿ ಎಂದು ಸಲಹೆ ಕೊಡುತ್ತಾನೆ. ಅವನು ಹೆದರುತ್ತಿದ್ದುದು ಕಟುಕ ಮಾವನಿಗೆ. ನಿನ್ನೆಯವರೆಗೆ ಅಳಿಯನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದ ಮಾವ, ಈಗ ದೊಡ್ಡ ಮನುಷ್ಯನಾದ ಅಳಿಯನನ್ನು ಮುಟ್ಟಲು ನಡುಗುತ್ತಾನೆ! ಅಂತೂ ಧೈರ್ಯ ಮಾಡಿ ಒಂದು ಕಪಾಳಕ್ಕೆ ಬಿಗಿದ. ಅಳಿಯನಿಗೆ ಬುದ್ಧಿ ಬಂತು, ಮಾವನ ಕೈ ನೋಯತೊಡಗಿತು. ಭಯವು ಹರ್ಷವನ್ನು ಗೆಲ್ಲುತ್ತದೆ ಎಂಬ ನೈಜಿಂಗ್‌ನ ಸೂತ್ರವೇ ಈ ಹಾಸ್ಯದ ಬೇರು. ಫಲಿತಾಂಶದ ದಿನ ಹೆತ್ತವರು ಇದನ್ನು ಪ್ರಯೋಗಿಸಬಾರದು ಎಂದು ವಿನಂತಿ.

ಹೀಗೆ ಒಂದು ಭಾವನೆಯ ಕಾಯಿಲೆಗೆ ಇನ್ನೊಂದು ಭಾವನೆಯೇ ಮದ್ದು ಎಂಬುದು ಅವರ ವಿಶೇಷ. ಶೋಕ ಕೋಪವನ್ನು, ಭಯ ಹರ್ಷವನ್ನು, ಕೋಪ ಚಿಂತೆಯನ್ನು, ಹರ್ಷ ವ್ಯಥೆಯನ್ನು, ವಿಚಾರ ಭಯವನ್ನು ಗೆಲ್ಲುತ್ತದೆ. ಕೇಳಲು ಸುಲಭ, ವೈದ್ಯನ ಪ್ರಾಣಕ್ಕೆ ಮಾತ್ರ ಅಪಾಯ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಒಂದು ಗ್ರಂಥ ವೆನ್ ಝಿ ಎಂಬ ವೈದ್ಯನ ಕಥೆ ಹೇಳುತ್ತದೆ. ಛೀ ಎಂಬ ರಾಜ್ಯದ ದೊರೆಗೆ (ಇದು ಊರಿನ ಹೆಸರು, ಉಸಿರಿನದ್ದಲ್ಲ) ಕಾಯಿಲೆ. ಕೋಪ ಬರಿಸಿದರೆ ಮಾತ್ರ ಗುಣವಾಗುತ್ತದೆ, ಆದರೆ ಕೋಪ ಬಂದರೆ ನನ್ನನ್ನು ಕೊಲ್ಲುತ್ತಾರೆ ಎಂದ ವೈದ್ಯ. ನಾನೂ ತಾಯಿಯೂ ಕಾಲು ಹಿಡಿದು ನಿಮ್ಮನ್ನು ಉಳಿಸುತ್ತೇವೆ ಎಂದು ರಾಜಕುಮಾರ ಭಾಷೆ ಕೊಟ್ಟ. ವೈದ್ಯ ಬರುತ್ತೇನೆಂದು ಹೇಳಿ ಮೂರು ಬಾರಿ ಬರಲಿಲ್ಲ. ಕೊನೆಗೆ ಬಂದವನು ಪಾದರಕ್ಷೆ ಸಮೇತ ರಾಜನ ಮಂಚ ಹತ್ತಿ, ಅವನ ನಿಲುವಂಗಿಯನ್ನು ತುಳಿದು, ಒರಟಾಗಿ ಮಾತಾಡಿದ. ರಾಜ ಕಿರುಚುತ್ತಾ ಎದ್ದು ನಿಂತ, ಕಾಯಿಲೆ ಹೋಯಿತು. ಯಾರ ಮಾತನ್ನೂ ಕೇಳದೆ ಅವನನ್ನು ಕುದಿಯುವ ಕೊಪ್ಪರಿಗೆಗೆ ಹಾಕಿಸಿದ. ಇದು ಇತಿಹಾಸವೋ ಕಟ್ಟುಕಥೆಯೋ ಎಂಬುದು ಬೇರೆ ಮಾತು. ರೋಗಿಯ ಬೈಗುಳ ಕೇಳಿ ಬೇಸರವಾದಾಗಲೆಲ್ಲ ನಾನು ಈ ವೈದ್ಯನನ್ನು ನೆನೆಯುತ್ತೇನೆ.

ಇದನ್ನೆಲ್ಲ ನಿಜವಾದ ಚಿಕಿತ್ಸೆಯಾಗಿ ಬೆಳೆಸಿದವನು ಝಾಂಗ್ ಝಿಹೆ. 1156ರಿಂದ 1228ರವರೆಗೆ ಉತ್ತರ ಚೀನಾದಲ್ಲಿ ಬದುಕಿದ್ದವನು. ಅವನ ಗ್ರಂಥದಲ್ಲಿ ತಾನು ನೋಡಿದ ರೋಗಿಗಳ ವಿವರಗಳಿವೆ. ಶ್ರೀಮಂತ ಮನೆಯ ಒಬ್ಬ ಹೆಂಗಸಿಗೆ ಚಿಂತೆಯಿಂದ ಎರಡು ವರ್ಷ ನಿದ್ದೆಯಿಲ್ಲ. ಝಾಂಗ್ ಅವಳ ಗಂಡನ ಜೊತೆ ಒಳಗೊಳಗೇ ಮಾತಾಡಿಕೊಂಡು, ಬೇಕಾದಷ್ಟು ಹಣ ತೆಗೆದುಕೊಂಡು, ಹಲವು ದಿನ ಅಲ್ಲೇ ಕುಡಿದು ಮಜಾ ಮಾಡಿ, ಒಂದು ಚೀಟಿಯನ್ನೂ ಬರೆಯದೆ ಹೊರಟುಹೋದ. ಆಕೆಗೆ ಬಂದ ಸಿಟ್ಟಿಗೆ ಮೈಯೆಲ್ಲ ಬೆವರಿತು. ಅಂದು ರಾತ್ರಿಯೇ ನಿದ್ದೆ ಹತ್ತಿತು. ಕೋಪ ಚಿಂತೆಯ ಗಂಟನ್ನು ಬಿಚ್ಚಿತು ಎಂಬುದು ಅವನ ಲೆಕ್ಕ.

ನನ್ನ ಮನಸ್ಸಿಗೆ ಹೆಚ್ಚು ನಾಟಿದ್ದು ಇನ್ನೊಂದು ಪ್ರಕರಣ. ಒಬ್ಬ ಹೆಂಗಸು ಪ್ರಯಾಣದಲ್ಲಿ ಛತ್ರದ ಮಹಡಿಯ ಮೇಲೆ ಮಲಗಿದ್ದಾಗ ರಾತ್ರಿ ಡಕಾಯಿತರು ಬಂದು ಸುಲಿಗೆ ಮಾಡಿ ಮನೆಗಳಿಗೆ ಬೆಂಕಿಯಿಟ್ಟರು. ಆಕೆ ಬೆಚ್ಚಿ ಮಂಚದಿಂದ ಬಿದ್ದಳು. ಅಂದಿನಿಂದ ಸಣ್ಣ ಸದ್ದಾದರೂ ಪ್ರಜ್ಞೆ ತಪ್ಪುತ್ತಿತ್ತು. ಮನೆಯವರು ತುದಿಗಾಲಲ್ಲಿ ನಡೆಯುತ್ತಿದ್ದರು. ಹೃದಯದ ಕಾಯಿಲೆಯೆಂದು ವೈದ್ಯರು ಜಿನ್ಸೆಂಗ್ ಬೇರು, ಮುತ್ತಿನ ಪುಡಿ ಎಲ್ಲ ಕೊಟ್ಟರು. ಒಂದು ವರ್ಷ ಕಳೆದರೂ ಗುಣವಾಗಲಿಲ್ಲ. ಝಾಂಗ್ ಬಂದು ಆಕೆಯನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಇಬ್ಬರು ದಾಸಿಯರಿಂದ ಕೈ ಹಿಡಿಸಿ, ಮುಂದೆ ಒಂದು ಗಿಡ್ಡ ಮೇಜು ಇಡಿಸಿದ. 'ಅಮ್ಮಾ, ಇಲ್ಲಿ ನೋಡಿ' ಎಂದು ಹೇಳಿ ಕೋಲಿನಿಂದ ಮೇಜಿಗೆ ಹೊಡೆದ. ಆಕೆ ಹೌಹಾರಿದಳು. ನಾನು ಮೇಜಿಗೆ ಹೊಡೆದೆ, ಇದರಲ್ಲಿ ಹೆದರುವುದೇನಿದೆ ಎಂದು ಕೇಳಿದ. ಸ್ವಲ್ಪ ತಡೆದು ಮತ್ತೆ ಹೊಡೆದ. ಮತ್ತೆ, ಮತ್ತೆ. ಆಮೇಲೆ ಬಾಗಿಲಿಗೆ ಬಡಿಸಿದ. ಆಕೆಗೆ ತಿಳಿಯದಂತೆ ಹಿಂದಿನ ಕಿಟಕಿಯನ್ನು ಕೆರೆಸಿದ. ನಿಧಾನವಾಗಿ ಆಕೆಯ ಬೆಚ್ಚುವಿಕೆ ಕಡಿಮೆಯಾಗಿ, ಇದೆಂಥ ಚಿಕಿತ್ಸೆ ಎಂದು ನಕ್ಕಳಂತೆ. ಬೆಚ್ಚಿದವರನ್ನು ಸಮಸ್ಥಿತಿಗೆ ತರಬೇಕು ಎಂದು ನೈಜಿಂಗ್ ಹೇಳುತ್ತದೆ. ಸಮಸ್ಥಿತಿ ಎಂದರೆ ದಿನನಿತ್ಯದ್ದು, ದಿನವೂ ಕಾಣುವುದಕ್ಕೆ ಯಾರೂ ಬೆಚ್ಚುವುದಿಲ್ಲ ಎಂದು ಅವನು ವಿವರಿಸಿದ. ಆ ರಾತ್ರಿ ಬೆಳಗಿನವರೆಗೂ ಬಾಗಿಲು ಕಿಟಕಿ ಬಡಿಸಿದ. ಮುಂದೆ ಆಕೆ ಗುಡುಗಿಗೂ ಹೆದರಲಿಲ್ಲ.

ಇಂದಿನ ಮನೋವೈದ್ಯರು ಭಯದ ಕಾಯಿಲೆಗೆ ರೋಗಿಯನ್ನು ಹೆದರಿಸುವ ವಸ್ತುವಿಗೆ ಸ್ವಲ್ಪಸ್ವಲ್ಪವಾಗಿ ಒಡ್ಡಿ ಅಭ್ಯಾಸ ಮಾಡಿಸುವ ಚಿಕಿತ್ಸೆ ಕೊಡುತ್ತಾರೆ. ಇಪ್ಪತ್ತನೆಯ ಶತಮಾನದಲ್ಲಿ ಅದು ಶಾಸ್ತ್ರೀಯ ರೂಪ ಪಡೆಯಿತು. ಎಂಟುನೂರು ವರ್ಷಗಳ ಹಿಂದೆ ಒಬ್ಬ ವೈದ್ಯ ಒಂದು ಮೇಜು, ಒಂದು ಕೋಲು ಹಿಡಿದು ಅದೇ ದಾರಿಯಲ್ಲಿ ನಡೆದಿದ್ದ.

ಇದು ಚೀನಾದ ಮಾತಾಯಿತು, ನಮಗೇನು ಸಂಬಂಧ ಎಂದು ಕೇಳುವವರಿರಬಹುದು. ಈ ಜ್ಞಾನ ನಮ್ಮ ಹಕೀಮರ ಜಗತ್ತಿಗೆ ಅಪರಿಚಿತವಾಗಿರಲಿಲ್ಲ. 980ರಿಂದ 1037ರವರೆಗೆ ಬದುಕಿದ್ದ ಇಬ್ನ್ ಸೀನಾ ತಮ್ಮ 'ಅಲ್ ಖಾನೂನ್' ಗ್ರಂಥದಲ್ಲಿ ಪ್ರೇಮರೋಗವನ್ನು ಪತ್ತೆಹಚ್ಚುವ ವಿಧಾನ ಬರೆದಿದ್ದಾರೆ. ರೋಗಿಯ ನಾಡಿ ಹಿಡಿದು ಒಂದೊಂದೇ ಹೆಸರು ಹೇಳುತ್ತಾ ಹೋಗುವುದು, ಯಾವ ಹೆಸರಿಗೆ ನಾಡಿ ತಟ್ಟನೆ ಬದಲಾಗುತ್ತದೋ ಅಲ್ಲಿದೆ ಕಾಯಿಲೆ. ಯುನಾನಿ ವೈದ್ಯಕೀಯದಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಕಾರಣಗಳಲ್ಲಿ ಮನಸ್ಸಿನ ಚಲನೆ ಮತ್ತು ವಿಶ್ರಾಂತಿಯೂ ಒಂದು, ಗಾಳಿ ನೀರು ಆಹಾರಗಳ ಸಾಲಿನಲ್ಲೇ ಅದಕ್ಕೂ ಸ್ಥಾನ. ಇನ್ನು ಚೀನೀ ವೈದ್ಯಕೀಯವೇ ಪರ್ಶಿಯನ್ ಭಾಷೆಗೆ ಬಂದದ್ದುಂಟು. ಇರಾನನ್ನು ಆಳುತ್ತಿದ್ದ ಮಂಗೋಲ್ ಇಲ್‌ಖಾನರ ಮಂತ್ರಿ, ಸ್ವತಃ ವೈದ್ಯರಾಗಿದ್ದ ರಶೀದುದ್ದೀನ್ ಫಝ್ಲುಲ್ಲಾ 1313ರ ಸುಮಾರಿಗೆ ತಬ್ರೀಝ್‌ನಲ್ಲಿ 'ತನ್ಸೂಕ್‌ನಾಮಾ' ಎಂಬ ಗ್ರಂಥ ಸಿದ್ಧಪಡಿಸಿದರು. ನಾಡಿ ಪರೀಕ್ಷೆಯ ಚೀನೀ ಪಾಠಗಳ ಅನುವಾದ ಅದರಲ್ಲಿದೆ. ಅದರ ಹಸ್ತಪ್ರತಿ ಇಸ್ತಾಂಬುಲ್‌ನಲ್ಲಿದೆ. ಯುದ್ಧಗಳ ನಡುವೆಯೂ ದೂರದೇಶದ ವೈದ್ಯರ ಪುಸ್ತಕ ತರಿಸಿ ಅನುವಾದಿಸಿದ ಆ ಹಿರಿಯರ ಉತ್ಸಾಹ ನೋಡಿದರೆ, ಪಠ್ಯಪುಸ್ತಕವನ್ನೂ ಪೂರ್ತಿ ಓದದ ನಮಗೆ ನಾಚಿಕೆಯಾಗಬೇಕು.

ಈಗ ಸ್ವಲ್ಪ ಕಹಿ ಮಾತು. ಹಳೆಯದೆಲ್ಲ ಸರಿ, ಅವರಿಗೆ ಎಲ್ಲ ಮೊದಲೇ ಗೊತ್ತಿತ್ತು ಎಂದು ಎದೆಯುಬ್ಬಿಸುವುದು ನನಗೆ ಹಿಡಿಸುವುದಿಲ್ಲ. ಕೆಲವು ವಿಷಯಗಳು ಹೊಂದಿಕೆಯಾಗುವುದು ನಿಜ. ಸಿಟ್ಟಿನ ಸ್ಫೋಟವಾದ ಎರಡು ಗಂಟೆಗಳೊಳಗೆ ಹೃದಯಾಘಾತದ ಸಂಭವ ಹಲವು ಪಟ್ಟು ಹೆಚ್ಚುತ್ತದೆ ಎಂದು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಜಪಾನಿನ ವೈದ್ಯರು 1990ರಲ್ಲಿ ವಿವರಿಸಿದ 'ಟಾಕೋಟ್ಸುಬೋ' ಎಂಬ ಕಾಯಿಲೆಯಲ್ಲಿ, ಆಪ್ತರ ಸಾವಿನಂತಹ ಆಘಾತದ ನಂತರ ಹೃದಯದ ಸ್ನಾಯು ದಿಢೀರನೆ ಸೋತು ಉಬ್ಬುತ್ತದೆ. ಹೆಚ್ಚಾಗಿ ಮುಟ್ಟು ನಿಂತ ಮಹಿಳೆಯರಿಗೆ ಬರುತ್ತದೆ. 2016ರಲ್ಲಿ ವರದಿಯಾದಂತೆ, ಭಾವನೆಯ ಆಘಾತದಿಂದ ಈ ಕಾಯಿಲೆ ಬಂದ 485 ಜನರಲ್ಲಿ 20 ಮಂದಿಗೆ ಅದು ಬಂದದ್ದು ಸಂತೋಷದ ಗಳಿಗೆಯಲ್ಲಿ. ಫಾನ್ ಜಿನ್ ನೆನಪಾದನೇ?

ಆದರೆ ಇದರ ಇನ್ನೊಂದು ಮುಖವನ್ನೂ ನೋಡಿ. ಹೊಟ್ಟೆಯ ಹುಣ್ಣು ಚಿಂತೆಯಿಂದ, ಟೆನ್ಶನ್‌ನಿಂದ ಬರುತ್ತದೆ ಎಂದು ನಮ್ಮ ಆಧುನಿಕ ವೈದ್ಯರೇ ಬಹುಕಾಲ ನಂಬಿದ್ದರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ 1980ರ ದಶಕದಲ್ಲಿ ಅದರ ಹಿಂದೆ ಒಂದು ಬ್ಯಾಕ್ಟೀರಿಯಾ ಇದೆ ಎಂದು ತೋರಿಸಿದರು. ಆ ಸಂಶೋಧನೆಗೆ 2005ರಲ್ಲಿ ನೊಬೆಲ್ ಬಹುಮಾನ ಬಂತು. ಔಷಧದ ಒಂದು ಕೋರ್ಸ್‌ನಿಂದ ಗುಣವಾಗುವ ಕಾಯಿಲೆಗೆ ಲಕ್ಷಾಂತರ ಜನ 'ನೀನು ಚಿಂತೆ ಬಿಡು' ಎಂಬ ಉಪದೇಶ ಕೇಳುತ್ತಾ ನರಳಿದ್ದರು. ಆದ್ದರಿಂದ ಕ್ಯಾನ್ಸರ್ ಬಂದವರಿಗೆ 'ನಿನ್ನ ಸಿಟ್ಟಿನಿಂದಲೇ ಬಂತು' ಎನ್ನುವವರನ್ನು ಕಂಡರೆ ನನಗೆ ಪಿತ್ತ ನೆತ್ತಿಗೇರುತ್ತದೆ. ರೋಗದ ಭಾರದ ಮೇಲೆ ತಪ್ಪಿನ ಭಾರವನ್ನೂ ಹೊರಿಸಬೇಡಿ. ಎದೆನೋವು ಬಂದರೆ ಮೊದಲು ಇಸಿಜಿ. ಭಾವನೆಯ ವಿಚಾರ ಆಮೇಲೆ.

ಆಮೇಲೆ ಎಂದೆ, ಬೇಡ ಎನ್ನಲಿಲ್ಲ. ನಾನು ಎಡವಿದ್ದು ಅಲ್ಲೇ.

ವೃತ್ತಿಯ ಮೊದಲ ವರ್ಷಗಳಲ್ಲಿ ಐವತ್ತು ದಾಟಿದ ಒಬ್ಬ ತಾಯಿ ನನ್ನ ಬಳಿ ಬರುತ್ತಿದ್ದರು. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ, ನುಂಗಿದರೆ ಹೋಗುವುದಿಲ್ಲ, ಉಗಿದರೆ ಬರುವುದಿಲ್ಲ. ಎದೆ ಉರಿ, ನಿದ್ದೆಯಿಲ್ಲ. ಥೈರಾಯ್ಡ್ ನೋಡಿದೆ, ಎಂಡೋಸ್ಕೋಪಿ ಮಾಡಿಸಿದೆ. ಎಲ್ಲ ನಾರ್ಮಲ್. 'ನಿಮಗೇನೂ ಇಲ್ಲ ಅಮ್ಮಾ, ಸುಮ್ಮನೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ' ಎಂದು ಹೇಳಿ ಕಳಿಸಿದೆ. ಎರಡು ವರ್ಷ ಇದೇ ನಡೆಯಿತು. ನಂತರ ಅವರ ಪಕ್ಕದ ಮನೆಯವರೊಬ್ಬರು ಬೇರಾವುದೋ ಕಾರಣಕ್ಕೆ ಬಂದಾಗ, ಮಾತಿನ ನಡುವೆ ಹೇಳಿದರು. ಆ ತಾಯಿಯ ಒಬ್ಬನೇ ಮಗ ದುಡಿಯಲು ಹೊರದೇಶಕ್ಕೆ ಹೋದವನು ಮೂರು ವರ್ಷದಿಂದ ಒಂದು ಕಾಗದವಿಲ್ಲ, ಫೋನಿಲ್ಲ. ಊರಿಗೆಲ್ಲ ಗೊತ್ತಿದ್ದ ಸಂಗತಿ. ಡಾಕ್ಟರಿಗೆ ಗೊತ್ತಿರಲಿಲ್ಲ, ಏಕೆಂದರೆ ಡಾಕ್ಟರು ಕೇಳಿರಲಿಲ್ಲ.

ಎಷ್ಟೋ ವರ್ಷಗಳ ನಂತರ ಓದುವಾಗ ತಿಳಿಯಿತು, ಕ್ರಿ.ಶ. 200ರ ಸುಮಾರಿನ ಝಾಂಗ್ ಝೋಂಗ್‌ಜಿಂಗ್ ಎಂಬ ವೈದ್ಯ ಇದೇ ಲಕ್ಷಣವನ್ನು ಬರೆದಿದ್ದಾನೆ. ಹೆಂಗಸರ ಗಂಟಲಲ್ಲಿ ಸುಟ್ಟ ಮಾಂಸದ ತುಣುಕು ಸಿಕ್ಕಂತೆ ಎನ್ನುತ್ತಾನೆ. ಮುಂದಿನವರು ಅದಕ್ಕೆ 'ಪ್ಲಮ್ ಹಣ್ಣಿನ ಬೀಜದ ಛೀ' ಎಂದು ಹೆಸರಿಟ್ಟರು, ನುಂಗಿಕೊಂಡ ದುಃಖ ಗಂಟುಕಟ್ಟಿದ್ದು ಎಂದರು. ಅಮೆರಿಕದ ಮನೋವೈದ್ಯ ಆರ್ಥರ್ ಕ್ಲೈನ್‌ಮನ್ 1980ರಲ್ಲಿ ಚೀನಾದ ಹುನಾನ್ ಪ್ರಾಂತ್ಯದಲ್ಲಿ 'ನರದೌರ್ಬಲ್ಯ' ಎಂದು ಚಿಕಿತ್ಸೆ ಪಡೆಯುತ್ತಿದ್ದ 100 ರೋಗಿಗಳನ್ನು ಪರೀಕ್ಷಿಸಿದರು. ತಲೆನೋವು, ನಿದ್ದೆಗೇಡು, ಸುಸ್ತು ಎಂದು ಬಂದವರು. ಅವರಲ್ಲಿ 87 ಮಂದಿಗೆ ಇದ್ದದ್ದು ಖಿನ್ನತೆ. ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ ಕಷ್ಟ ಅನುಭವಿಸಿದವರು ಅವರಲ್ಲಿ ಬಹಳ ಮಂದಿ. ದುಃಖವನ್ನು ಬಾಯಿಬಿಟ್ಟು ಹೇಳಲಾಗದ ಕಡೆ ದೇಹ ಅದನ್ನು ಹೇಳುತ್ತದೆ.

ನೈಜಿಂಗ್‌ನಲ್ಲಿ ವೈದ್ಯರು ಮಾಡುವ ಐದು ತಪ್ಪುಗಳ ಬಗ್ಗೆಯೇ ಒಂದು ಅಧ್ಯಾಯವಿದೆ. ರೋಗಿ ಮೊದಲು ಉನ್ನತ ಸ್ಥಾನದಲ್ಲಿದ್ದು ಈಗ ಕೆಳಗಿಳಿದಿದ್ದಾನೆಯೇ, ಮೊದಲು ಸಿರಿವಂತನಾಗಿದ್ದು ಈಗ ಬಡವನಾಗಿದ್ದಾನೆಯೇ ಎಂದು ಪರೀಕ್ಷೆಗೆ ಮುಂಚೆಯೇ ಕೇಳಬೇಕು, ಹೊರಗಿನ ಯಾವ ಕಾರಣವಿಲ್ಲದಿದ್ದರೂ ಅಂಥವರಲ್ಲಿ ಕಾಯಿಲೆ ಒಳಗಿನಿಂದ ಹುಟ್ಟುತ್ತದೆ ಎನ್ನುತ್ತದೆ ಅದು. ಯಕೃತ್ತು, ಗುಲ್ಮಗಳ ಲೆಕ್ಕವನ್ನು ನಾನು ಒಪ್ಪದಿರಬಹುದು. ಈ ಪುಟ ಓದಿದ ದಿನ ಮಾತ್ರ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಆ ತಾಯಿಯ ವಿಷಯ. ಪಕ್ಕದ ಮನೆಯವರು ಹೇಳಿದ ಮೇಲೆ, ಮುಂದಿನ ಬಾರಿ ಅವರು ಬಂದಾಗ ಗಂಟಲು ನೋಡುವ ಮೊದಲು 'ಮಗನ ಸುದ್ದಿ ಏನಾದರೂ ಬಂತಾ ಅಮ್ಮಾ' ಎಂದು ಕೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಹೊರಗೆ ರೋಗಿಗಳು ಕಾಯುತ್ತಿದ್ದರು, ಕಾಂಪೌಂಡರ್ ಎರಡು ಸಲ ಬಾಗಿಲು ತೆರೆದು ನೋಡಿ ಹೋದ. ಗಂಟಲಿನದ್ದು ಅಂದೇ ಹೋಯಿತು ಎಂದು ಹೇಳಿದರೆ ಸುಳ್ಳಾದೀತು. ಖಿನ್ನತೆಗೆ ಔಷಧ ಬೇಕಾಯಿತು, ತಿಂಗಳುಗಳು ಹಿಡಿದವು. ಆದರೆ ಅಂದು ಏಳುವಾಗ ಅವರು, 'ಡಾಕ್ಟ್ರೇ, ಇಷ್ಟು ದಿನ ನೀವು ಏನೂ ಇಲ್ಲ ಅಂತಿದ್ರಿ' ಎಂದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಪ್ರಶ್ನೆಗಳಿದ್ದರೆ ಊಟದ ನಂತರ ಕೇಳಿ, ನಾನು ಇಲ್ಲೇ ಇರುತ್ತೇನೆ.